ಸೊನ್ನೆ ಟಿಕೆಟ್ಟು

ಹಗರೆಯಲ್ಲಿ ಹತ್ತಿದ ಅಜ್ಜಿ
ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡು ತೆಗೆಯುವಷ್ಟರಲ್ಲಿ
ಬಸ್ಸು ಎರಡು ಸ್ಟಾಪು ದಾಟಿತ್ತು.
ಟಿಕೆಟ್ಟು ಹರಿದು ಕೊಟ್ಟೆ. ಮೊತ್ತ: ಸೊನ್ನೆ.
'ಎಷ್ಟಾಯ್ತಪ್ಪಾ?'
'ಏನಿಲ್ಲಜ್ಜಿ, ಹೆಂಗಸ್ರಿಗೆ ಪುಕ್ಕಟೆ.'
'ಅದು ಸರ್ಕಾರದ್ದಾಯ್ತು. ನಿಂದು?'

ನನ್ನದು!
ಹದಿನೇಳು ವರ್ಷದ ಸರ್ವೀಸಿನಲ್ಲಿ
ಯಾವ ಚೆಕಿಂಗಿನವರೂ ಕೇಳದ ಲೆಕ್ಕ.
ಬಾಯಿಗೆ ಉತ್ತರ ಬರುವ ಮುಂಚೆ
ಅವಳ ಚೀಲದಿಂದ ಒಂದು ಹೇರಳೆಕಾಯಿ ಎದ್ದು ಬಂದು
ನನ್ನ ಚಿಲ್ಲರೆ ಬ್ಯಾಗಿನೊಳಗೆ ಕೂತಿತು,
ಸೀಟು ಹಿಡಿದವರ ಹಾಗೆ.
ದೊಡ್ಡಾಸ್ಪತ್ರೆ ಹತ್ತಿರ ಇಳಿದಳು.
ತಿರುಗಿ ನೋಡಲಿಲ್ಲ.

ಮಂಗಳವಾರ ರಾತ್ರಿ ಅಡುಗೆ ನನ್ನ ಪಾಳಿ.
ಇಂದ್ರಾಣಿಗೆ ಗಾರ್ಮೆಂಟ್ಸಿನಲ್ಲಿ ಸೆಕೆಂಡ್ ಶಿಫ್ಟು,
ಬರುವುದು ಹತ್ತಕ್ಕೆ.
ಸಾಲಗಾಮೆ ರಸ್ತೆಯಲ್ಲಿ ಅರ್ಧ ಕೆಜಿ ಕೋಳಿ ಕಡಿಸಿ
ಮೆಟ್ಟಿಲು ಹತ್ತುವಾಗಲೇ ಚಿರು ಬಂದು
ಬ್ಯಾಗಿಗೆ ಮೂಗಿಟ್ಟ:
'ಅಪ್ಪಾ, ನಿನ್ ದುಡ್ಡೆಲ್ಲ ಘಮಘಮ ಅಂತಿದೆ!'

ಏಳೂವರೆಗೆ ಅವಳಿಗೆ ಐದೇ ನಿಮಿಷ ಬಿಡುವು.
ತೇಜು ಫೋನು ಸ್ಪೀಕರಿಗೆ ಹಾಕಿದಳು.
ಹಿಂದೆ ನೂರು ಮಿಷನ್ನು ಮಾತಾಡುತ್ತಿದ್ದವು,
ಮುಂದೆ ಅವಳು:
'ಸಿಪ್ಪೆ ಹಸಿರು ಮಾತ್ರ ತುರೀರಿ,
ಬಿಳೀದು ಬಿದ್ರೆ ಕಹಿ.
ಉಪ್ಪು, ಅರಿಶಿನ, ಶುಂಠಿ-ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ ಬಿಡಿ.
ಈರುಳ್ಳಿ ಸಣ್ಣಗೆ, ಕೈ ಹುಷಾರು.
ಹಸಿಮೆಣಸಿನಕಾಯಿ ಆರು, ಚಿರೂಗೆ ಮೊದ್ಲೇ ಎತ್ತಿಡಿ.
ಕಾಳುಮೆಣಸು ಕೊನೇಲಿ ಜಜ್ಜಿ ಹಾಕಿ.
ನೀರು ಬೇಡ, ಕೋಳಿ ತನ್ ನೀರು ತಾನೇ ಬಿಡುತ್ತೆ.
ಮುಖ್ಯ ಹುಳಿ. ಹುಳಿ ಮಾತ್ರ...'
ಗಂಟೆ ಹೊಡೆಯಿತು.
ಫೋನು ಸತ್ತಿತು.

ಹುಳಿ ಮಾತ್ರ ಏನು?
ಮೊದಲು ಹಿಂಡಬೇಕೋ, ಇಳಿಸಿದ ಮೇಲೋ?
ಹೆಚ್ಚೋ, ಕಮ್ಮಿಯೋ?
ಬಾಣಲೆ ಕಾದು ಕೂತಿದೆ.
ಅಪ್ಪ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು,
ರೈಟ್ ಅನ್ನುವವರಿಲ್ಲದೆ ನಿಂತ ಬಸ್ಸಿನ ಹಾಗೆ.
ಕೊನೆಗೆ ನನ್ನ ವೃತ್ತಿಗೆ ತಕ್ಕ ಬುದ್ಧಿ ಓಡಿತು:
'ಅರ್ಧ ಟಿಕೆಟ್ಟು ಈಗ,
ಅರ್ಧ ಟಿಕೆಟ್ಟು ಇಳಿಯುವಾಗ.'

ಹೇರಳೆಯ ಹೊಟ್ಟೆ ಸೀಳಿದಾಗ
ಒಂದು ಕೋಣೆಯ ಮನೆ ನಾಲ್ಕು ಕೋಣೆಯಾಯಿತು.
ಬೀಜ ಹಾರಿ ಕ್ಯಾಲೆಂಡರಿಗೆ ಬಡಿಯಿತು.
ನನ್ನ ಬೆರಳಿನ ಹಳೇ ಗಾಯ,
ಟಿಕೆಟ್ ಮಿಷನ್ನು ಕಚ್ಚಿದ್ದು,
ಉರಿದು ತಾನಿನ್ನೂ ಇದ್ದೀನಿ ಅಂತು.
ಇಳಿಸಿದ ಮೇಲೆ ಉಳಿದರ್ಧ ಹಿಂಡಿದೆ.
ತುರಿದ ಹಸಿರು ಸಿಪ್ಪೆ ಮೇಲೆ ಉದುರಿಸಿದಳು ತೇಜು,
ಒಂಬತ್ತನೇ ಕ್ಲಾಸಿನವಳು,
ಕೆಮಿಸ್ಟ್ರಿ ಪ್ರಾಕ್ಟಿಕಲ್ಲಿನ ಗಾಂಭೀರ್ಯದಲ್ಲಿ.

ಹತ್ತೂ ಹತ್ತಕ್ಕೆ ಬಂದಳು,
ಕೂದಲಲ್ಲಿ ಬಿಳಿ ದಾರದ ಎಳೆ,
ಕಾಲು ತೊಳೆದು ನೆಲಕ್ಕೇ ಕೂತಳು.
ಚಿರು ನಿದ್ದೆಗಣ್ಣಲ್ಲೇ ಲೆಗ್ ಪೀಸು ಹಿಡಿದಿದ್ದ.
ಮುದ್ದೆ ಮುರಿದು, ಕೋಳಿಯ ಗೊಜ್ಜಿಗೆ ಅದ್ದಿ,
ಮೊದಲ ತುತ್ತಿಗೆ ಒಂದು ಕಣ್ಣು ಮುಚ್ಚಿದಳು.
ನಾವು ಮೂವರೂ ಉಸಿರು ಹಿಡಿದೆವು.

'ಹುಳಿ ಮಾತ್ರ ಅಂದ್ಯಲ್ಲ, ಏನದು?'
'ಯಾವಾಗ?'
'ಫೋನಲ್ಲಿ.'
ಯೋಚಿಸಿದಳು. ಮೂಳೆ ಚೀಪಿದಳು. ಮತ್ತೆ ಯೋಚಿಸಿದಳು.
'ನೆನಪಿಲ್ಲ ಕಣ್ರೀ.
ಇನ್ನೆರಡು ತುಂಡು ಹಾಕಿ.'

ಬೆಳಗಿನ ಆರೂಕಾಲರ ಟ್ರಿಪ್ಪು.
ಎರಡು ಸಲ ಸೋಪು ಹಾಕಿದ್ದರೂ
ಹರಿದುಕೊಟ್ಟ ಟಿಕೆಟ್ಟಿಗೆಲ್ಲ ಅದೇ ಘಮ.
ಮುಂದಿನ ಸೀಟಿನ ಹಾಲಿನ ಡೇರಿಯವನು
ಮೂಸಿ ನೋಡಿ ಕಣ್ಣು ಮಿಟುಕಿಸಿದ:
'ಏನ್ ಕಂಡಕ್ಟ್ರೇ, ರಾತ್ರಿ ಜೋರಾ?'

ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ
ಬಾಕಿ ಬರೆದುಕೊಡುವುದು ನಮ್ಮ ಪದ್ಧತಿ.
ಅಜ್ಜಿಯ ಟಿಕೆಟ್ಟಿಗೆ ಏನೂ ಬರೆದಿರಲಿಲ್ಲ.
ಹಗರೆ ಬಂತು.
ಬಾಗಿಲಲ್ಲಿ ನಿಂತು ಕತ್ತು ಚಾಚಿದೆ.
ಮೂವರು ಹತ್ತಿದರು. ಅವಳಲ್ಲ.

ಡ್ರೈವರು ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.
ಸ್ವಲ್ಪ ತಡವಾಗಿಯೇ
ರೈಟ್ ಅಂದೆ.